ಕಾಲ್ನಡಿಗೆಯ ಸಂಕಲ್ಪವೂ ಕಾಲಿನ ಮಾತೂ

ಸಂಕ್ರಮಣವು ಕಳೆದು ಬಿಸಿಲು ದಿನೇ ದಿನೇ ಬಲಿಯುತ್ತಲಿರುವ ಈ ಕಾಲದಲ್ಲಿ ನಮ್ಮ ಸೀಮೆಯ ಮನೆಗಳೊಳಗೆ ಒಂದು ಮಾತು ತಪ್ಪದೆ ಕೇಳಬರುವುದು. "ಈ ಯುಗಾದಿಗೆ ಮಲ್ಲಯ್ಯನ ದರ್ಶನಕ್ಕ ನಡಕೊಂತ ಹೋಗೋದು" ಎಂಬುದೇ ಆ ಮಾತು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿಗೆ ಶ್ರೀಶೈಲವು ಹೊಸ ಕ್ಷೇತ್ರವಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಹೆಗಲ ಮೇಲೆ ಕಂಬಿ ಹೊತ್ತು ಬರುವ ಭಕ್ತರ ತಂಡಗಳು ನಮ್ಮ ಜಿಲ್ಲೆಯ ಹಾದಿಗಳನ್ನು ತುಂಬಿಕೊಂಡು ಮೂಡಣ ದಿಕ್ಕಿಗೆ ಸಾಗುವುದನ್ನು ಇಲ್ಲಿಯ ಚಿಕ್ಕ ಮಕ್ಕಳೂ ಬಲ್ಲರು. ದೇವದುರ್ಗ, ಮಾನವಿ ತಾಲೂಕುಗಳ ಹಳ್ಳಿಗಳವರು ಕೆಲವರು ಅವರಿಗೆ ಅನ್ನ ಮಜ್ಜಿಗೆಗಳನ್ನು ನೀಡುವರು. ಕೆಲವರು ತಾವೇ ಬುತ್ತಿ ಕಟ್ಟಿಕೊಂಡು ಅವರೊಡನೆ ಹೊರಡುವರು. ಕರ್ನೂಲು, ಆತ್ಮಕೂರುಗಳನ್ನು ದಾಟಿ, ವೆಂಕಟಾಪುರದ ಬಳಿ ನಲ್ಲಮಲದ ಅರಣ್ಯವನ್ನು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ, ಕೈಲಾಸದ್ವಾರ ಎಂಬೀ ಠಾವುಗಳನ್ನು ಹಾಯ್ದು ಭ್ರಮರಾಂಬಾ ಮಲ್ಲಿಕಾರ್ಜುನರ ಸನ್ನಿಧಿಯನ್ನು ಸೇರುವರು. ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೇ ಬಗೆಯುವ ಕನ್ನಡಿಗರು ಬಹುಮಂದಿ. ರಾಯಚೂರಿನಿಂದ ಲೆಕ್ಕ ಹಿಡಿದರೂ ಇದು 200 ಕಿಲೋಮೀಟರಿಗೆ ಮಿಕ್ಕಿದ ದಾರಿ. ಬೆಳಗಾವಿಯ ಕಡೆಯವರಿಗಂತೂ ಅದರ ಇಮ್ಮಡಿಗೂ ಹೆಚ್ಚು.

ನಾನಿರುವ ಶಕ್ತಿನಗರವು ಕೃಷ್ಣಾತೀರದಲ್ಲಿ, ದೇವಸುಗೂರಿನ ಸೂಗೂರೇಶ್ವರನ ನೆರೆಯಲ್ಲಿ, ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಹುಟ್ಟಿಸುವ ಸ್ಥಾವರಕ್ಕಾಗಿ ಎದ್ದು ನಿಂತ ಊರು. ಇಲ್ಲಿಯ ಒಂದು ಮನೆಯಲ್ಲಿ ಈ ವರ್ಷ ಒಬ್ಬರಲ್ಲ, ಇಬ್ಬರು ದೂರಪ್ರಯಾಣದ ಸಿದ್ಧತೆಯಲ್ಲಿದ್ದಾರೆ. ಯಜಮಾನರಿಗೆ ವಯಸ್ಸು ಐವತ್ತೇಳು. ಹನ್ನೆರಡು ವರ್ಷದ ಮಧುಮೇಹವುಂಟು. ಶ್ರೀಶೈಲಕ್ಕೆ ನಡೆದು ಹೋಗುವ ಹರಕೆ ಹೊತ್ತಿದ್ದಾರೆ. ಮಗನಿಗೆ ಇಪ್ಪತ್ತಾರು; ಪಾಳಿಯ ಕೆಲಸ; ಮಲೆನಾಡಿನ ಕಾಡುಹಾದಿಯಲ್ಲಿ ಐವತ್ತು ಕಿಲೋಮೀಟರು ಓಡಬೇಕೆಂಬ ಹಟ. ಮಗನದು ಹುಚ್ಚೆಂದು ತಂದೆಯೂ, ತಂದೆಯದು ಮೊಂಡುತನವೆಂದು ಮಗನೂ ಹೇಳುವರು. ಆ ಮನೆಯ ತಾಯಿಯು ನನ್ನೆದುರಿಗೆ ಆಡಿದ ಮಾತು ಇಬ್ಬರಿಗೂ ಸಲ್ಲುವಂಥದು: "ಮಾಸ್ತರ್ರೀ, ಇಬ್ರೂ ಕುಂಟಾಕತ್ತ್ಯಾರ. ಕೇಳಿದ್ರ ಏನಿಲ್ಲ ಅಂತಾರ. ನಾ ಯಾರಿಗೆ ಹೇಳ್ಲಿ?" ಈ ತಿಂಗಳ ಬರೆಹಕ್ಕೆ ಆ ತಾಯಿಯ ಪ್ರಶ್ನೆಯೇ ಕಾರಣ.

ಮೊದಲಿಗೆ ಮಗನ ಓಟದ ಸಂಗತಿ. ಮ್ಯಾರಥಾನ್ ಎಂಬ ಓಟದ ನಿಯತ ದೂರವು 42.195 ಕಿಲೋಮೀಟರು. ಇದಕ್ಕಿಂತ ಹೆಚ್ಚಿನ ಓಟಕ್ಕೆಲ್ಲ ಅಲ್ಟ್ರಾಮ್ಯಾರಥಾನ್ ಎಂದು ಹೆಸರು. ಡಾಂಬರು ರಸ್ತೆಯನ್ನು ಬಿಟ್ಟು ಗುಡ್ಡ, ಕಾಡು, ತೊರೆಗಳ ಹಾದಿಯಲ್ಲಿ ನಡೆಸುವ ಓಟಗಳು ಇವುಗಳೊಳಗಿನ ಒಂದು ಜಾತಿ. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಎಂಬ ಹೆಸರಿನಿಂದ ಅಂಥ ಓಟವು ನಡೆದಿರುವುದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2022ರ ಜುಲೈ ತಿಂಗಳಲ್ಲಿ ಏಷ್ಯಾ ಮತ್ತು ಓಷಿಯಾನಿಯಾ ಖಂಡಗಳ ಇಪ್ಪತ್ತನಾಲ್ಕು ತಾಸಿನ ಓಟದ ಸ್ಪರ್ಧೆಯು ಜರುಗಿ, ನಮ್ಮ ದೇಶದ ಪುರುಷರ ತಂಡವು ಪ್ರಥಮ ಸ್ಥಾನವನ್ನು ಗಳಿಸಿತು. ಆ ತಂಡದ ಅಮರಸಿಂಗ್ ದೇವಂಡಾ ಎಂಬವರು ಒಂದು ಅಹೋರಾತ್ರಿಯಲ್ಲಿ 250 ಕಿಲೋಮೀಟರಿಗೂ ಮಿಕ್ಕಿ ಓಡಿದರು. ರಾಯಚೂರಿನಿಂದ ಶ್ರೀಶೈಲದವರೆಗಿನ ದಾರಿಯನ್ನು ಒಂದೇ ಹಗಲಿರುಳಿನಲ್ಲಿ ಮುಗಿಸಿದಂತಾಯಿತು ಎಂದರೆ ನಮ್ಮ ಹಿರಿಯರಿಗೆ ಇದರ ಅಳತೆ ತಿಳಿದೀತು.

ಹೀಗಿರಲಾಗಿ, ತಂದೆಯ ಯಾತ್ರೆಗೂ ಮಗನ ಓಟಕ್ಕೂ ಭಾವದಲ್ಲಿ ಎಷ್ಟೇ ಅಂತರವಿರಲಿ, ಕಾಲುಗಳಿಗೆ ಆ ಅಂತರವು ತಿಳಿಯದು. ಮೊಣಕಾಲಿನ ಕೀಲು ಇದು ಭಕ್ತಿಯೋ ಪಂದ್ಯವೋ ಎಂದು ವಿಚಾರಿಸುವುದಿಲ್ಲ. ಆದರೆ ಒಂದು ಭೇದವು ಮಾತ್ರ ನಿಜವಾಗಿಯೂ ಉಂಟು, ಮತ್ತು ಅದು ತಂದೆಗೆ ಪ್ರತಿಕೂಲವಾದದ್ದು. ಓಟಕ್ಕೆ ನಿಯಮಗಳಿವೆ: ಇಷ್ಟು ತಾಸಿನೊಳಗೆ ಇಲ್ಲಿಗೆ ಬಾರದಿದ್ದವನನ್ನು ನಿಲ್ಲಿಸುವರು, ದಾರಿಯಲ್ಲಿ ವೈದ್ಯನಿದ್ದು, ತೂರಾಡುವವನ ಕೈಹಿಡಿದು ಕೂರಿಸುವನು, ಓಟ ಮುಗಿಸದವರ ಪಟ್ಟಿಯಲ್ಲಿ ಅವನ ಹೆಸರನ್ನು ಬರೆದು ಮನೆಗೆ ಕಳಿಸುವರು. ಯಾತ್ರಿಕನಿಗೆ ಹೀಗೆ ನಿಲ್ಲಿಸುವವರು ಯಾರೂ ಇಲ್ಲ. ಹರಕೆಯವನ ಕುಂಟನ್ನು ಕಂಡು ಜನರು ಕೈಮುಗಿಯುವರೇ ಹೊರತು ಕೂರಿಸಲೊಲ್ಲರು.

ಇನ್ನು ಸಿದ್ಧತೆಯ ವಿಚಾರ. ಯುಗಾದಿಗೆ ಉಳಿದಿರುವ ವಾರಗಳು ಹತ್ತಕ್ಕಿಂತ ಹೆಚ್ಚಿಲ್ಲ. ಇಷ್ಟು ಕಾಲವು ಸಾಲುವುದು, ಆದರೆ ಇಂದೇ ಹೊರಟವನಿಗೆ ಮಾತ್ರ. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಬಲವುಳ್ಳವನೂ ಸ್ನಿಗ್ಧಾಹಾರವನ್ನುಣ್ಣುವವನೂ ಶೀತಕಾಲ ಹಾಗೂ ವಸಂತಗಳಲ್ಲಿ ಅರ್ಧಶಕ್ತಿಯಿಂದ ವ್ಯಾಯಾಮವನ್ನು ಮಾಡತಕ್ಕದ್ದೆಂದೂ, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆಯಾಗಿ ಮಾಡತಕ್ಕದ್ದೆಂದೂ ವಿಧಿಸಿರುವನು. ಶಕ್ತಿನಗರದಲ್ಲಿ ಕುಳಿತು ಅರ್ಧಶಕ್ತಿಯನ್ನು ಬೋಧಿಸುವುದು ವಿನೋದವಾಗಿ ತೋರಬಹುದು. ಆದರೂ ಈ ಅರ್ಧವೆಂಬ ಮಾತೇ ಸಿದ್ಧತೆಯ ಸಾರ. ಮಾತನಾಡುತ್ತ ನಡೆಯಲು ಬರುವಷ್ಟು ವೇಗ, ಮರುದಿನ ಮುಂಜಾನೆ ಮತ್ತೆ ಹೊರಡುವಷ್ಟು ಉಳಿದ ಬಲ, ಇಷ್ಟರೊಳಗೆ ದೂರವನ್ನು ಏರಿಸುತ್ತ ಹೋಗಬೇಕು. ವಾರದ ಒಟ್ಟು ದೂರಕ್ಕೆ ಹತ್ತರಲ್ಲೊಂದು ಪಾಲಿನಷ್ಟನ್ನು ಮುಂದಿನ ವಾರ ಕೂಡಿಸುವುದು ಓಟಗಾರರ ವಾಡಿಕೆ. ಇದು ಶಾಸನವಲ್ಲ, ಕೈಗಂಬವಷ್ಟೆ. ನಾಲ್ಕನೆಯ ವಾರ ಬಂದಾಗ ದೂರವನ್ನು ಇಳಿಸಿ ದೇಹಕ್ಕೆ ಬಿಡುವು ಕೊಡತಕ್ಕದ್ದು. ಕೊನೆಯ ಎರಡು ವಾರ ಇನ್ನೂ ಇಳಿಸಬೇಕು. ಆಗ ಹೆಚ್ಚು ನಡೆದು ಗಳಿಸುವುದೇನೂ ಇಲ್ಲ.

ಅದೇ ವಾಗ್ಭಟನು ಅತಿಯಾದ ವ್ಯಾಯಾಮ, ಅತಿಯಾದ ಜಾಗರಣೆ, ಅತಿಯಾದ ದಾರಿನಡಿಗೆಗಳನ್ನು ಒಂದೇ ಸಾಲಿನಲ್ಲಿ ಕೂರಿಸಿ, ಇವುಗಳಲ್ಲಿ ತೊಡಗಿದವನು ಆನೆಯನ್ನೆಳೆಯಹೋದ ಸಿಂಹದಂತೆ ಕೆಡುವನೆಂದು ಎಚ್ಚರಿಸಿರುವನು. ಜಾಗರಣೆಯನ್ನು ಇಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ರಾತ್ರಿಪಾಳಿ ಮುಗಿಸಿ ಬಂದು, ಕಣ್ಣು ಮುಚ್ಚದೆ, ಹತ್ತು ಹದಿನೈದು ಕಿಲೋಮೀಟರು ಓಡುವ ಹುಡುಗರನ್ನು ನಾನು ನಮ್ಮೂರ ಹೊಳೆಯ ದಾರಿಯಲ್ಲಿ ಕಾಣುತ್ತಲಿರುವೆನು. ಓಟದಿಂದ ಸವೆದದ್ದನ್ನು ದೇಹವು ರಿಪೇರಿ ಮಾಡಿಕೊಳ್ಳುವುದು ನಿದ್ರೆಯಲ್ಲಿ. ನಿದ್ರೆಯಿಲ್ಲದ ದಿನ ಓಟವನ್ನೂ ಬಿಡುವುದೇ ಲೇಸು.

ನಮ್ಮದು ಬಯಲುಸೀಮೆಯಾದುದರಿಂದ ಇನ್ನೊಂದು ತೊಡಕುಂಟು. ಎರೆಹೊಲದ ನಡುವಿನ ಸಮದಾರಿಯಲ್ಲಿ ಎಷ್ಟು ನಡೆದರೂ ಇಳಿಜಾರಿನ ಅಭ್ಯಾಸವಾಗದು. ಏರುವಾಗ ಶ್ವಾಸವು ಕಷ್ಟಪಡುವುದು, ಇಳಿಯುವಾಗ ತೊಡೆಯ ಮಾಂಸಖಂಡಗಳೂ ಮೊಣಕಾಲೂ ಕಷ್ಟಪಡುವುವು. ಜನರು ಏರಿಗೆ ಹೆದರುವರು, ಪೆಟ್ಟು ಬೀಳುವುದು ಇಳಿತದಲ್ಲಿ. ಭೀಮನ ಕೊಳದ ಕಣಿವೆಗೆ ಇಳಿದು ಕೈಲಾಸದ್ವಾರಕ್ಕೆ ಏರುವ ಭಾಗವು ಬಹುದಿನ ನಡೆದು ದಣಿದ ಮೇಲೆ ಬರುವುದೆಂಬುದನ್ನು ಮರೆಯಬಾರದು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ವಂಶದ ಪ್ರೋಲಯ ವೇಮನು ಶ್ರೀಶೈಲದ ಯಾತ್ರಿಕರಿಗಾಗಿ ಕಲ್ಲಿನ ಸೋಪಾನಗಳನ್ನು ಕಟ್ಟಿಸಿದ ಪುಣ್ಯವಂತ. ಆದರೆ ಸೋಪಾನವು ಮೊಣಕಾಲಿಗೆ ಸೋಪಾನವೇ. ಆದುದರಿಂದ ವಾರಕ್ಕೊಮ್ಮೆ ರಾಯಚೂರಿಗೆ ಹೋಗಿ ಕೋಟೆಯ ಗುಡ್ಡವನ್ನು ನಾಲ್ಕಾರು ಸಲ ನಿಧಾನವಾಗಿ ಏರಿಳಿಯುವುದು ಒಳ್ಳೆಯದು. 1294ರಲ್ಲಿ ಆ ಕೋಟೆಯನ್ನು ಕಟ್ಟಿದ ವೃತ್ತಾಂತವು ಅದರ ಗೋಡೆಯಲ್ಲಿರುವ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕೆತ್ತಲ್ಪಟ್ಟಿರುವುದು. ಮಕ್ಕಳನ್ನು ಕರೆದುಕೊಂಡು ಹೋದರೆ ಕಾಲಿಗೂ ತಲೆಗೂ ಒಮ್ಮೆಗೇ ಪಾಠವಾದೀತು.

ಈಗ ನೋವಿನ ಮಾತಿಗೆ ಬರೋಣ. ದೂರ ನಡೆದವನಿಗೆ ನೋವು ಬಾರದಿರದು. ಎಲ್ಲ ನೋವಿಗೂ ನಿಲ್ಲುವವನು ಊರ ಹೊರಗಿನ ಹನುಮಪ್ಪನ ಗುಡಿಯನ್ನು ದಾಟಲಾರನು. ಯಾವ ನೋವಿಗೂ ನಿಲ್ಲದವನು ಆಸ್ಪತ್ರೆಯನ್ನು ಸೇರುವನು. ಹಾಗಾದರೆ ಭೇದವನ್ನು ತಿಳಿಯುವ ಬಗೆ ಯಾವುದು? ಎರಡೂ ತೊಡೆಗಳಲ್ಲಿ, ಎರಡೂ ಮೀನಖಂಡಗಳಲ್ಲಿ ಹರಡಿಕೊಂಡು, ನಡೆದ ಮರುದಿನವೋ ಮೂರನೆಯ ದಿನವೋ ಹೆಚ್ಚಾಗಿ, ಬಳಿಕ ತಾನೇ ಇಳಿಯುವ ನೋವು ಮಾಂಸಖಂಡಗಳ ಬಳಲಿಕೆ. ಮೆಲ್ಲಗೆ ನಡೆದಾಡಿದರೆ ಅದು ಹಗುರಾಗುವುದು. ಹಾಗಲ್ಲದೆ ಒಂದೇ ಕಾಲಿನಲ್ಲಿ, ಒಂದು ಬೆರಳಿನಿಂದ ಮುಟ್ಟಿ ತೋರಿಸಲು ಬರುವಷ್ಟು ಒಂದೇ ಸ್ಥಾನದಲ್ಲಿ, ಎಲುಬಿನ ಮೇಲೆಯೇ ಇದ್ದು, ನಡೆದಷ್ಟೂ ಏರುತ್ತ, ರಾತ್ರಿ ಮಲಗಿದಾಗಲೂ ಬಿಡದೆ ಕಾಡುವ ನೋವು ಬೇರೆ ಜಾತಿಯದು. ಅದು ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟುದರ ಗುರುತಾಗಿರಬಹುದು. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾ ದೇಶದ ಸೈನ್ಯವೈದ್ಯನು ದೀರ್ಘ ನಡಿಗೆ ಮಾಡಿದ ಸಿಪಾಯಿಗಳ ಊದಿದ ಪಾದಗಳಲ್ಲಿ ಈ ವ್ಯಾಧಿಯನ್ನು ಮೊದಲು ವರ್ಣಿಸಿದನು. ಕ್ಷಕಿರಣಗಳು ಇನ್ನೂ ತಿಳಿಯದ ಕಾಲವಾದುದರಿಂದ ಎಲುಬು ಮುರಿದಿದೆಯೆಂದು ಅವನಿಗೂ ಗೊತ್ತಾಗಲಿಲ್ಲ. ಇಂದಿಗೂ ಮೊದಲ ವಾರಗಳಲ್ಲಿ ಕ್ಷಕಿರಣದ ಚಿತ್ರದಲ್ಲಿ ಇದು ಕಾಣದೆ ಹೋಗುವುದುಂಟು. ಚಿತ್ರದಲ್ಲಿ ಏನೂ ಇಲ್ಲವೆಂದು ಮರಳಿ ಓಡಲು ಹೊರಡುವುದು ಸಲ್ಲದು. ಇದಕ್ಕೆ ಮದ್ದು ವಿಶ್ರಾಂತಿಯೊಂದೇ, ಆರರಿಂದ ಎಂಟು ವಾರ. ಆ ವಿಶ್ರಾಂತಿಯನ್ನು ಕೊಡದವನ ಬಿರುಕು ಪೂರ್ಣ ಮುರಿತವಾಗುವುದು.

ಮೇಲೆ ಹೇಳಿದ ಮನೆಯ ಮಗನಿಗೆ ನಳಿಗೆಲುಬಿನ ಒಳಮಗ್ಗುಲಲ್ಲಿ ನೋವು. ಎಲ್ಲಿ ತೋರಿಸು ಎಂದರೆ ತೋರುಬೆರಳಿನ ತುದಿಯಿಂದ ಒಂದು ಚುಕ್ಕೆಯನ್ನು ತೋರಿಸಿದನು. ರಾಯಚೂರಿನ ಎಲುಬಿನ ವೈದ್ಯರಲ್ಲಿಗೆ ಹೋಗಿಬಂದು ಈಗ ಓಟವನ್ನು ನಿಲ್ಲಿಸಿ ಸೈಕಲ್ ತುಳಿಯುತ್ತಿದ್ದಾನೆ. ಮಲೆನಾಡಿನ ಕಾಡು ಮುಂದಿನ ವರ್ಷವೂ ಅಲ್ಲಿಯೇ ಇರುವುದೆಂದು ಅವನಿಗೆ ಹೇಳಿದ್ದೇನೆ. ಮುಖವು ಇನ್ನೂ ಅರಳಿಲ್ಲ.

ನೋವಿನ ಗುಳಿಗೆಗಳ ಬಗೆಗೆ ಒಂದು ಕಟುವಾದ ಮಾತನ್ನು ಹೇಳಲೇಬೇಕು. ಐಬುಪ್ರೊಫೆನ್, ಡೈಕ್ಲೊಫಿನಾಕ್ ಮೊದಲಾದ ಗುಳಿಗೆಗಳನ್ನು ಕಿಸೆಯಲ್ಲಿಟ್ಟುಕೊಂಡು, ಮುಂಜಾನೆಗೊಂದು ಸಂಜೆಗೊಂದು ನುಂಗುತ್ತ ನಡೆಯುವ ಅಭ್ಯಾಸವು ಯಾತ್ರಿಕರಲ್ಲಿಯೂ ಓಟಗಾರರಲ್ಲಿಯೂ ಬೆಳೆದಿರುವುದು. ಬೆವರಿ ನೀರಿಳಿದ ದೇಹದಲ್ಲಿ ಇವು ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುವುವು. ಅದೇ ಹೊತ್ತಿಗೆ ಅತಿಶ್ರಮದಿಂದ ಜಜ್ಜಿದ ಮಾಂಸಖಂಡಗಳ ಕಸವೂ ಅಲ್ಲಿಗೇ ಬಂದು ಸೇರುವುದು. ಮೂತ್ರವು ಕಡುಗಂದಾಗಿ ಚಹದ ಕಷಾಯದಂತೆ ಬಂದರೆ ಅಲ್ಲಿಗೆ ನಡಿಗೆ ಮುಗಿಯಿತು, ಆಸ್ಪತ್ರೆಯೇ ಗತಿ. ಅಲ್ಲದೆ ಗುಳಿಗೆಯು ನೋವನ್ನು ಮುಚ್ಚುವುದೇ ಹೊರತು ಬಿರುಕನ್ನು ಮುಚ್ಚದು.

ಪಾದಗಳ ಆರೈಕೆಗೆ ಹೆಚ್ಚು ಸ್ಥಳವನ್ನು ಕೊಡುವುದಕ್ಕೆ ವಾಚಕರು ಬೇಸರಿಸಬಾರದು. ದೂರದ ನಡಿಗೆಯನ್ನು ಕೆಡಿಸುವ ವಿಘ್ನಗಳಲ್ಲಿ ಅಂಗಾಲಿನ ಗುಳ್ಳೆಯು ಅತಿ ಚಿಕ್ಕದಾದರೂ ಅತಿ ಸಾಮಾನ್ಯವಾದದ್ದು. ಒದ್ದೆಯೂ ತಿಕ್ಕಾಟವೂ ಕೂಡಿದಲ್ಲಿ ಗುಳ್ಳೆ ಏಳುವುದು. ಹೊಸ ಬೂಟನ್ನು ಹೊರಡುವ ದಿನ ಮೆಟ್ಟಿದವನು ಎರಡನೆಯ ಮಜಲಿನಲ್ಲಿ ಕೂಡುವನು. ತಿಂಗಳ ಮೊದಲೇ ಕೊಂಡು ಹದ ಮಾಡಿಕೊಳ್ಳಬೇಕು. ಸಂಜೆಯ ಹೊತ್ತು ಪಾದಗಳು ಊದಿರುವುದರಿಂದ ಅಂಗಡಿಗೆ ಸಂಜೆಯೇ ಹೋಗಿ, ಬೆರಳುಗಳ ಮುಂದೆ ಅರ್ಧ ಅಂಗುಲದಷ್ಟು ತೆರವು ಇರುವಂತೆ ಆರಿಸತಕ್ಕದ್ದು. ಕಾಲುಚೀಲಗಳು ಮೂರು ಜೊತೆಯಾದರೂ ಇರಲಿ, ಒದ್ದೆಯಾದೊಡನೆ ಬದಲಿಸಲಿ. ಚರ್ಮವು ಬಿಸಿಯಾಗಿ ಉರಿಯತೊಡಗಿದ ಕ್ಷಣದಲ್ಲಿಯೇ ಕುಳಿತು ಅಲ್ಲಿ ಅಂಟುಪಟ್ಟಿಯನ್ನು ಹಾಕಿದರೆ ಗುಳ್ಳೆ ಏಳಲಾರದು. ಈ ಐದು ನಿಮಿಷವು ಐದು ದಿನಗಳನ್ನು ಉಳಿಸುವುದು. ಎದ್ದೇ ಬಿಟ್ಟರೆ ಮೇಲಿನ ಚರ್ಮವನ್ನು ಕಿತ್ತು ಹಾಕಕೂಡದು. ಬಹಳ ಬಿಗಿದಿದ್ದರೆ ಮಾತ್ರ, ಚರ್ಮವನ್ನು ತೊಳೆದು, ಕಾಯಿಸಿ ಶುದ್ಧಿ ಮಾಡಿದ ಸೂಜಿಯಿಂದ ಮಗ್ಗುಲಲ್ಲಿ ಚುಚ್ಚಿ, ನೀರಿಳಿಸಿ, ಮುಚ್ಚಿ ಕಟ್ಟಬೇಕು. ರಾತ್ರಿ ಮಲಗುವ ಮುನ್ನ ಪಾದಗಳಿಗೆ ಎಣ್ಣೆ ತಿಕ್ಕುವ ನಮ್ಮ ಹಿರಿಯರ ಪಾದಾಭ್ಯಂಗವು ಒಣಗಿ ಬಿರಿಯುವ ಹಿಮ್ಮಡಿಗೆ ಒಳ್ಳೆಯದು. ಆದರೆ ಬೆಳಿಗ್ಗೆ ನಡೆಯುವ ಮೊದಲು ಎಣ್ಣೆಯನ್ನು ಚೆನ್ನಾಗಿ ಒರೆಸಿಬಿಡಬೇಕು.

ಬರಿಗಾಲಿನಲ್ಲಿಯೇ ನಡೆಯಬೇಕೆಂಬವರಿಗೆ ನನ್ನದೊಂದು ವಿಜ್ಞಾಪನೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪಾದರಕ್ಷೆ, ಛತ್ರಿ, ಕೋಲು ಈ ಮೂರನ್ನೂ ಧರಿಸುವುದರ ಗುಣಗಳನ್ನು ಒಂದಾದ ಮೇಲೊಂದರಂತೆ ಹೊಗಳಿರುವುದು. ಮೂರೂ ದಾರಿಗನ ವಸ್ತುಗಳೇ. ದೇವಾಲಯದ ಬಾಗಿಲಲ್ಲಿ ಜೋಡನ್ನು ಬಿಡುವುದು ಆಚಾರ. ಇನ್ನೂರು ಕಿಲೋಮೀಟರು ಮೊದಲೇ ಬಿಡಬೇಕೆಂಬುದು ನಮ್ಮ ಸ್ವಂತ ಉತ್ಸಾಹ. ಮಧುಮೇಹಿಗಳಿಗಂತೂ ಬರಿಗಾಲು ಸರ್ವಥಾ ಕೂಡದು. ಬಹುಕಾಲದ ಮಧುಮೇಹದಲ್ಲಿ ಅಂಗಾಲಿನ ಸ್ಪರ್ಶವು ತಾನಾಗಿ ಮಂಕಾಗುವುದು. ಕಾದ ಡಾಂಬರು ಸುಟ್ಟರೂ, ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯದು. ತಿಳಿಯುವುದರೊಳಗೆ ಗಾಯವು ಕೀವುಗಟ್ಟಿರುವುದು. ವೈದ್ಯರು ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಈ ಸ್ಪರ್ಶವನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಲ್ಲರು. ಹೊರಡುವ ಮುನ್ನ ಇದನ್ನು ಮಾಡಿಸಲೇಬೇಕು. ನಮ್ಮ ಯಜಮಾನರಿಗೆ ಎಡಗಾಲಿನ ಎರಡು ಕಡೆ ಎಳೆ ತಾಗಿದ್ದು ತಿಳಿಯಲಿಲ್ಲ. ಹರಕೆಯನ್ನು ಬಿಡಲೊಲ್ಲರು, ಆದರೆ ಜೋಡು ಮೆಟ್ಟುವುದಕ್ಕೂ, ದಿನವೂ ಎರಡು ಸಲ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದಕ್ಕೂ ಒಪ್ಪಿರುವರು. ದೂರ ನಡೆದಾಗ ಸಕ್ಕರೆಯು ಒಮ್ಮೆಲೆ ಇಳಿದು ಬೆವರು, ನಡುಕ, ಕಣ್ಣಿಗೆ ಕತ್ತಲೆ ಬರುವುದುಂಟು. ಗುಳಿಗೆ ಅಥವಾ ಇನ್ಸುಲಿನ್ನಿನ ಪ್ರಮಾಣವನ್ನು ಮೊದಲೇ ವೈದ್ಯರೊಡನೆ ನಿಶ್ಚಯಿಸಿ, ಗ್ಲೂಕೋಸನ್ನಾಗಲಿ ಸಕ್ಕರೆಯನ್ನಾಗಲಿ ಸೊಂಟದ ಚೀಲದಲ್ಲಿಯೇ ಇಟ್ಟಿರಬೇಕು. ಜೊತೆಯವರಿಗೂ ಅದರ ಠಾವು ಗೊತ್ತಿರಬೇಕು.

ಹವೆಯ ವಿಷಯದಲ್ಲಿ ರಾಯಚೂರಿನವರಿಗೆ ಉಪದೇಶ ಮಾಡುವುದು ಸಮುದ್ರದವರಿಗೆ ಉಪ್ಪನ್ನು ಮಾರಿದಂತೆ. 1928ರ ಮೇ 23ರಂದು ನಮ್ಮ ರಾಯಚೂರಿನಲ್ಲಿ ದಾಖಲಾದ 45.6 ಡಿಗ್ರಿಯ ಉಷ್ಣತೆಯು ಕರ್ನಾಟಕದ ಅತ್ಯುಚ್ಚ ಉಷ್ಣತೆಯೆಂದು ಬರೆದಿಡಲ್ಪಟ್ಟಿದೆ. ಆದರೂ ಬಿಸಿಲೂರಿನವನೆಂಬ ಹೆಮ್ಮೆಯಿಂದಲೇ ದೇಹವು ಬಿಸಿಲಿಗೆ ಒಗ್ಗುವುದಿಲ್ಲ. ಬೀಸಣಿಗೆಯ ಕೆಳಗೆ ಕುಳಿತು ಕೆಲಸ ಮಾಡುವವನು ರಾಯಚೂರಿನವನಾದರೂ ಬಿಸಿಲಿಗೆ ಹೊಸಬನೇ. ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಬೆಚ್ಚನೆಯ ವೇಳೆಯಲ್ಲಿ ನಡೆದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬೆವರು ಬೇಗನೆ ಬರತೊಡಗಿ, ಅದರಲ್ಲಿಯ ಉಪ್ಪು ಕಡಿಮೆಯಾಗಿ, ಹೃದಯದ ಬಡಿತವು ತಗ್ಗುವುದು. ಯಾತ್ರೆಯಲ್ಲಿ ಮಾತ್ರ ಕೋಳಿ ಕೂಗುವ ಮೊದಲು ಎದ್ದು ಹತ್ತು ಗಂಟೆಯೊಳಗೆ ನೆರಳು ಸೇರುವುದು, ಮತ್ತೆ ಇಳಿಹೊತ್ತಿಗೆ ಹೊರಡುವುದು ನಮ್ಮ ಹಿರಿಯರ ಕ್ರಮ. ಅದಕ್ಕಿಂತ ಉತ್ತಮವಾದದ್ದನ್ನು ನಾನರಿಯೆ.

ನೀರನ್ನು ಕುಡಿಯುವುದರಲ್ಲಿಯೂ ಹದವುಂಟು. ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು; ಹೆದರಿಕೆಯಿಂದ ಕೊಡಗಟ್ಟಲೆ ಬರಿನೀರನ್ನು ಕುಡಿಯುವುದೂ ಅಪಾಯವೇ. 2002ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನ 488 ಓಟಗಾರರ ರಕ್ತವನ್ನು ಓಟದ ಕೊನೆಯಲ್ಲಿ ಪರೀಕ್ಷಿಸಲಾಗಿ, ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶವು ಮಿತಿಮೀರಿ ಇಳಿದಿತ್ತು. ಅವರಲ್ಲಿ ಬಹಳ ಮಂದಿ ಅತಿಯಾಗಿ ನೀರು ಕುಡಿದು ಓಟದಲ್ಲಿಯೇ ತೂಕವನ್ನು ಹೆಚ್ಚಿಸಿಕೊಂಡವರು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಲಿಂಬೆಯ ಪಾನಕ ಇವು ನಮ್ಮ ಹಳೆಯ ಮಾರ್ಗಗಳು. ಅಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದಲ್ಲಿ ಒಂದು ಲೀಟರು ಶುದ್ಧ ನೀರಿಗೆ ಆರು ಚಹಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇನ್ನು ಬಿಸಿಲಿನಲ್ಲಿ ನಡೆಯುವವನು ಏನೇನೋ ಮಾತಾಡತೊಡಗಿದರೆ, ದಾರಿ ತಪ್ಪಿದವನಂತೆ ನೋಡಿದರೆ, ತೂರಾಡಿದರೆ, ಅದನ್ನು ಭಕ್ತಿಯ ಆವೇಶವೆಂದು ತಿಳಿಯಬೇಡಿರಿ. ಅದು ಬಿಸಿಲಿನ ಹೊಡೆತ, ಪ್ರಾಣಾಂತಿಕವಾದದ್ದು. ಕೂಡಲೆ ನೆರಳಿಗೊಯ್ದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಿರಿ. ಮೊದಲು ತಂಪು ಮಾಡುವುದು, ತರುವಾಯ ವಾಹನ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು.

ಬಿಸಿಲೊಂದೇ ಶತ್ರುವಲ್ಲ. ಚೈತ್ರದ ಸಂಜೆಗಳಲ್ಲಿ ಗುಡುಗು, ಬಿರುಗಾಳಿ, ಆನೆಕಲ್ಲಿನ ಮಳೆ ನಮ್ಮಲ್ಲಿ ಅಪರೂಪವೇನೂ ಅಲ್ಲ. ಚೀನ ದೇಶದ ಗಾನ್ಸು ಪ್ರಾಂತದಲ್ಲಿ 2021ರ ಮೇ 22ರಂದು ನಡೆದದ್ದನ್ನು ಇಲ್ಲಿ ಹೇಳಬೇಕು. ಪೀತನದಿಯ ತೀರದ ಕಲ್ಲುಗುಡ್ಡಗಳಲ್ಲಿ ನೂರು ಕಿಲೋಮೀಟರಿನ ಓಟಕ್ಕೆ 172 ಮಂದಿ ಹೊರಟರು. ಬಹುಮಂದಿ ತೆಳುವಾದ ಅಂಗಿ, ತುಂಡುಚಲ್ಲಣಗಳಲ್ಲಿಯೇ ಇದ್ದರು. ಗಾಳಿ ತಡೆಯುವ ಮೇಲಂಗಿ ಕಡ್ಡಾಯವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿದ್ದಾಗ ಆನೆಕಲ್ಲು, ಹಿಮದಂಥ ಮಳೆ, ನಿಲ್ಲಗೊಡದ ಗಾಳಿ ಒಮ್ಮೆಲೆ ಎರಗಿದುವು. ವಾಹನವು ಏರಲಾರದ ಜಾಗ. 21 ಮಂದಿ ಚಳಿಯಿಂದಲೇ ಮಡಿದರು. ಅವರೊಳಗೆ ದೇಶದಲ್ಲೆಲ್ಲ ಹೆಸರಾದ ಲಿಯಾಂಗ್ ಜಿಂಗ್ ಎಂಬ ಓಟಗಾರನೂ ಇದ್ದನು. ಕುರಿ ಕಾಯುತ್ತಿದ್ದ ಝು ಕೆಮಿಂಗ್ ಎಂಬವನು ಒಂದು ಗುಹೆಯಲ್ಲಿ ಆಶ್ರಯ ಪಡೆದಿದ್ದು, ಆರು ಮಂದಿ ಓಟಗಾರರನ್ನು ಒಳಗೆ ಕರೆತಂದು, ಬೆಂಕಿ ಕಾಯಿಸಿ, ಕಂಬಳಿ ಹೊದಿಸಿ ಉಳಿಸಿದನು. ಆ ಕುರುಬನು ಓಟಗಾರರಷ್ಟು ಬಲಶಾಲಿಯಾಗಿರಲಿಲ್ಲ. ಆದರೆ ಆ ಗುಡ್ಡದ ಹವೆಯನ್ನು ಬಲ್ಲವನಾಗಿ ಹೊತ್ತಿಗೆ ಸರಿಯಾಗಿ ಗುಹೆಯನ್ನು ಸೇರಿದ್ದನು.

ನಲ್ಲಮಲದಲ್ಲಿ ಅಂಥ ಶೀತವಿಲ್ಲವಾದರೂ, ನೆನೆದ ಮೈಯಲ್ಲಿ ರಾತ್ರಿ ಕಾಡಿನಲ್ಲಿ ಮಲಗುವುದು ದಣಿದವನಿಗೆ ಒಳ್ಳೆಯದಲ್ಲ. ಒಂದು ಹಗುರವಾದ ಮಳೆಯಂಗಿ, ಒಂದು ಒಣ ಅಂಗಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಿರಿ. ಆ ಪ್ಲಾಸ್ಟಿಕ್ಕನ್ನು ಕಾಡಿನಲ್ಲಿ ಎಸೆಯದೆ ಮರಳಿ ತನ್ನಿರಿ. ಅದು ಹುಲಿಗಳ ಸಂರಕ್ಷಿತ ಅರಣ್ಯ. ಶಿವರಾತ್ರಿ ಯುಗಾದಿಗಳ ಸಮಯದಲ್ಲಿ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಕಾಲುದಾರಿಗೆ ಅಪ್ಪಣೆ ದೊರೆಯುವುದು. ಸಿಡಿಲಿನ ವೇಳೆಯಲ್ಲಿ ಒಂಟಿಮರದ ಕೆಳಗೆ ನಿಲ್ಲಕೂಡದು. ಹೆದ್ದಾರಿಯಲ್ಲಿ ಕತ್ತಲಲ್ಲಿ ನಡೆಯುವವರು ಎದುರಿನ ವಾಹನವು ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರಾಗಿ, ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಬೆನ್ನಿಗೂ ಎದೆಗೂ ಅಂಟಿಸಿಕೊಂಡು ನಡೆಯತಕ್ಕದ್ದು. ಯಾತ್ರಿಕರಿಗೆ ಕಾಡಿನ ಹುಲಿಗಿಂತ ಹೆದ್ದಾರಿಯ ಲಾರಿಯೇ ಹೆಚ್ಚು ಭಯಂಕರ.

ಇಷ್ಟೆಲ್ಲ ಹೇಳಿದ ಮೇಲೆಯೂ ನಮ್ಮ ಯಜಮಾನರಂಥವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುವುದನ್ನು ನಾನು ಬಲ್ಲೆನು. ನಡುದಾರಿಯಲ್ಲಿ ನಿಂತರೆ ಹರಕೆ ಮುರಿಯುವುದಲ್ಲವೇ, ಊರವರು ಏನೆಂದಾರು, ದೇವರು ಏನೆಂದಾನು? ಊರವರ ವಿಚಾರವು ನನ್ನ ಅಧಿಕಾರದಲ್ಲಿಲ್ಲ. ಶಾಸ್ತ್ರದ ವಿಚಾರವನ್ನು ಮಾತ್ರ ಹೇಳಬಲ್ಲೆನು. ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳಿದ ನೀತಿಯೊಳಗೆ, ವ್ರತವನ್ನು ಕೆಡಿಸದ ಎಂಟು ವಸ್ತುಗಳ ಎಣಿಕೆಯುಂಟು. ನೀರು, ಗೆಡ್ಡೆ, ಹಣ್ಣು, ಹಾಲುಗಳು ಅದರಲ್ಲಿವೆ. ಔಷಧವೂ ಇದೆ, ಗುರುವಿನ ಮಾತೂ ಇದೆ. ವೈದ್ಯನು ಕೊಟ್ಟ ಮದ್ದಿನಿಂದ ವ್ರತವು ಕೆಡದೆಂದ ಮೇಲೆ, ವೈದ್ಯನು ವಿಧಿಸಿದ ವಿಶ್ರಾಂತಿಯಿಂದ ಕೆಡುವುದೆಂದು ಹೇಳುವವರಾರು? ವಾಹನದಲ್ಲಿ ಹೋದವನಿಗೆ ಯಾತ್ರೆಯ ಫಲವು ಅರ್ಧವೆಂಬ ನುಡಿಯೂ ಬಳಕೆಯಲ್ಲಿರುವುದು ನಿಜ. ಇರಲಿ, ಉಳಿದರ್ಧವಾದರೂ ಕೈಸೇರಿತಲ್ಲ. ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ ನಿಯಮಗಳನ್ನು ಸಡಿಲಿಸುವುದು ನಮ್ಮ ಧರ್ಮಶಾಸ್ತ್ರದಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ಔದಾರ್ಯ. ಸಂಕಲ್ಪದ ಕಾಲಕ್ಕೆ ಪುರೋಹಿತರು ಹೇಳಿಸುವ "ಯಥಾಶಕ್ತಿ" ಎಂಬ ಪದವನ್ನು ನಾವು ಬಾಯಿಂದ ಹೇಳಿ, ಕಾಲಿಗೆ ಕೇಳಿಸದಂತೆ ಮಾಡುತ್ತಿರುವೆವು.

ಆದುದರಿಂದ ನನ್ನದೊಂದು ಸೂಚನೆ. ಪ್ರತಿಯೊಂದು ತಂಡವೂ ಹೊರಡುವ ಮೊದಲೇ ತನ್ನೊಳಗಿನ ಒಬ್ಬ ಹಿರಿಯರನ್ನು, ಗಂಡಸಾಗಲಿ ಹೆಂಗಸಾಗಲಿ, ಗುರುಸ್ಥಾನದಲ್ಲಿ ನೇಮಿಸಿಕೊಳ್ಳಲಿ. ದಿನವೂ ಸಂಜೆ ಎಲ್ಲರ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡುವುದು ಅವರ ಕೆಲಸ. ನಾಳೆ ನೀನು ಗಾಡಿಯಲ್ಲಿ ಬಾ ಎಂದು ಅವರು ಅಂದರೆ ಅದಕ್ಕೆ ಮರುಮಾತು ಇಲ್ಲವೆಂದು ಮನೆಯ ದೇವರೆದುರಿಗೇ ಒಪ್ಪಿಕೊಂಡು ಹೊರಡಬೇಕು. ನಿಲ್ಲುವ ನಿರ್ಧಾರವನ್ನು ದಣಿದವನ ತಲೆಗೆ ಬಿಡಬಾರದು. ದಣಿದ ತಲೆಯು ಇನ್ನು ನಾಲ್ಕೇ ಹರದಾರಿ ಎಂದೇ ಯಾವಾಗಲೂ ಹೇಳುವುದು. ಹೀಗೆ ಮೊದಲೇ ಒಪ್ಪಿದ್ದರೆ ನಿಂತವನು ಸೋತವನಾಗದೆ ಗುರುವಿನ ಮಾತನ್ನು ನಡೆಸಿದವನಾಗುವನು. ನಮ್ಮ ಯಜಮಾನರ ತಂಡದಲ್ಲಿ ಮಾನವಿಯ ಕಡೆಯ ಒಬ್ಬ ಅಜ್ಜಿ ಇರುವರಂತೆ. ಅನೇಕ ವರ್ಷ ನಡೆದವರು. ಅವರನ್ನೇ ಕೇಳಿರೆಂದು ಹೇಳಿದ್ದೇನೆ.

ತಾಯಂದಿರಿಗೆ ಬುತ್ತಿಯ ವಿಷಯದಲ್ಲಿ ನಾನು ಕಲಿಸುವುದೇನಿದೆ? ಕಟಕಲು ರೊಟ್ಟಿ, ಶೇಂಗಾಹಿಂಡಿ, ಬೆಲ್ಲ, ಹುರಿಗಡಲೆಗಳು ಕೆಡದೆ ದಿನಗಟ್ಟಲೆ ಇರುವುವು. ಮೊದಲ ಎರಡು ದಿನಕ್ಕೆ ಮೊಸರನ್ನ ಸರಿ. ಮನೆಯಲ್ಲಿ ಒಗ್ಗಿದ ಆಹಾರವನ್ನೇ ಕಟ್ಟಿರಿ, ಜಾಹೀರಾತು ನೋಡಿ ಹೊಸ ಪುಡಿಗಳನ್ನು ದಾರಿಯಲ್ಲಿ ಪ್ರಯೋಗಿಸಬೇಡಿರಿ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ನಡೆದಾಗ ಬುತ್ತಿ ಕಟ್ಟಿಕೊಟ್ಟವರು ಯಾರೋ! ಈಗ ಈ ದಾರಿಯಲ್ಲಿ ಹೆಂಗಸರ ಸಂಖ್ಯೆಯೂ ಕಡಿಮೆಯಿಲ್ಲ. ಬುತ್ತಿ ಕಟ್ಟುವವರಿಗೂ ಒಮ್ಮೆ ಹೊರಡುವ ಮನಸ್ಸಾದರೆ ಮೇಲಿನ ಮಾತುಗಳೆಲ್ಲ ಅವರಿಗೂ ಸಲ್ಲುವುವು.

ಮರಳಿ ಬರುವಾಗ ಬಸ್ಸಿನಲ್ಲಿ ಬನ್ನಿರಿ. ಎರಡು ವಾರ ದೂರದ ನಡಿಗೆ ಬೇಡ. ಅಂಗಳದಲ್ಲಿ ಅಡ್ಡಾಡಿದರೆ ಸಾಕು. ಗಾಯವಿದ್ದರೆ ಒಣಗುವವರೆಗೂ ದಿನಾಲು ನೋಡಿಸಿರಿ. ಇಳಿಜಾರಿನಲ್ಲಿ ಬೂಟಿನ ತುದಿಗೆ ಬಡಿದು ಕಪ್ಪಾದ ಉಗುರನ್ನು ಎಳೆಯಬೇಡಿರಿ, ತಾನೇ ಬೀಳುವುದು. ಹೆಬ್ಬೆರಳಿನ ಹೊಸ ಉಗುರು ಪೂರ್ಣವಾಗಿ ಬರಲು ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಹಿಡಿಯುವುದರಿಂದ, ಮುಂದಿನ ಯುಗಾದಿಗೂ ಅದು ಪೂರ್ತಿ ಬಂದಿರದಿದ್ದರೆ ಗಾಬರಿಪಡಬೇಕಾಗಿಲ್ಲ.